ಅರ್ಧ ಗಂಟೆಯ ಗೃಹಪ್ರವೇಶ

ದೀಪಾವಳಿ ಮುಗಿದ ಮರುವಾರ ಅಮೆರಿಕದಲ್ಲಿರುವ ನಮ್ಮ ಕನ್ನಡ ಕೂಟದ ಸದಸ್ಯರೊಬ್ಬರ ಮನೆಯ ಗೃಹಪ್ರವೇಶವಿತ್ತು. ಮಂಗಳಾರತಿ ಆಗಿ ಊಟಕ್ಕೆ ಇನ್ನೂ ಅರ್ಧ ಗಂಟೆ ಇದ್ದಾಗ, ಬಂದವರೆಲ್ಲ ಕೈಯಲ್ಲಿ ಪ್ರಸಾದದ ದೊನ್ನೆ ಹಿಡಿದುಕೊಂಡೇ ಮನೆ ನೋಡಲು ಹೊರಟರು. ಅಡುಗೆಮನೆಯ ಕಟ್ಟೆಯನ್ನು ಬೆರಳ ಗಿಣ್ಣಿನಿಂದ ಕುಟ್ಟಿ ಅದು ಗ್ರಾನೈಟೋ ಕ್ವಾರ್ಟ್ಸೋ ಎಂದು ತೀರ್ಮಾನಿಸಿದರು. ಪ್ಯಾಂಟ್ರಿಯ ಬಾಗಿಲು ತೆರೆದು ಅಕ್ಕಿಯ ಮೂಟೆ ಹಿಡಿಸೀತೇ ಎಂದು ಕಣ್ಣಳತೆ ಮಾಡಿದರು. ನೆಲಮಾಳಿಗೆಗೆ ಇಳಿದು, ಚಳಿಯಲ್ಲಿ ಮನೆ ಬೆಚ್ಚಗಿಡುವ ಫರ್ನೇಸಿನ ವಯಸ್ಸು ವಿಚಾರಿಸಿದರು. ಕೊನೆಗೆ ಹಿರಿಯರೊಬ್ಬರು ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆಯ ಮುಂದೆ ನಿಂತು, “ಇದೊಂದನ್ನು ತೆಗೆಸಿಬಿಟ್ಟರೆ ಎರಡೂ ಒಂದಾಗಿ ಓಪನ್ ಕಾನ್ಸೆಪ್ಟ್ ಆಗುತ್ತದೆ” ಎಂದರು. ಅದು ಮೇಲಿನ ಭಾರ ಹೊರುವ ಲೋಡ್ ಬೇರಿಂಗ್ ಗೋಡೆ ಇರಬಹುದೆಂದು ಮನೆಯವರು ಅನುಮಾನಪಟ್ಟಾಗ, “ಬೀಮ್ ಕೊಟ್ಟರಾಯಿತು” ಎಂಬ ಉತ್ತರ ಸಿದ್ಧವಾಗಿತ್ತು. ಮೂವತ್ತು ವರ್ಷ ಡೇಟಾಬೇಸುಗಳ ನಡುವೆಯೇ ಕಳೆದ, ನಾನು ಬಲ್ಲಂತೆ ಗೋಡೆಗೆ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದಿರದ ಈ ಹಿರಿಯರಿಗೆ ಇಷ್ಟು ಪಾಂಡಿತ್ಯ ಎಲ್ಲಿಂದ ಬಂತೆಂದು ನಾನು ಕೇಳಬೇಕಾಗಿರಲಿಲ್ಲ, ಏಕೆಂದರೆ ನನ್ನ ಅರೆಬರೆ ಪಾಂಡಿತ್ಯವೂ ಅಲ್ಲಿಂದಲೇ ಬಂದದ್ದು: ಶನಿವಾರ ಮಧ್ಯಾಹ್ನ ಒಗೆದ ಬಟ್ಟೆ ಮಡಿಸುತ್ತ ನೋಡುವ ಮನೆ ಖರೀದಿಯ, ಮನೆ ರಿಪೇರಿಯ ಟಿವಿ ಕಾರ್ಯಕ್ರಮಗಳಿಂದ.

ಪರರ ಮನೆಯನ್ನು ಮೂಲೆಮೂಲೆಯೂ ಬಿಡದೆ ನೋಡುವುದು ನಮ್ಮಲ್ಲಿ ಯಾರೂ ತಪ್ಪೆಂದು ತಿಳಿಯದ ಹಕ್ಕು. ಹಾಲುಕ್ಕಿಸಿದ ದಿನ ಮನೆಯ ಬಚ್ಚಲಿನವರೆಗೂ ಊರಿಗೆ ಪ್ರವೇಶವಿರುತ್ತದೆ, “ಒಟ್ಟು ಎಷ್ಟಾಯಿತು?” ಎಂದು ಕೇಳುವುದನ್ನು ಯಾರೂ ಅಧಿಕಪ್ರಸಂಗವೆಂದು ಎಣಿಸುವುದಿಲ್ಲ. ಈ ದೇಶದಲ್ಲಿ ಇಪ್ಪತ್ತು ವರ್ಷ ಪಕ್ಕದ ಮನೆಯಲ್ಲೇ ಇದ್ದವರ ಮಹಡಿಯ ಕೋಣೆಗಳನ್ನು ನಾನು ಇಂದಿಗೂ ಕಂಡಿಲ್ಲ, ಮನೆಯ ಬೆಲೆಯನ್ನಂತೂ ಕೇಳುವ ಮಾತೇ ಇಲ್ಲ. ಹೀಗೆ ಬಾಯಿಬಿಟ್ಟು ಕೇಳಲಾಗದ ಕುತೂಹಲವನ್ನೇ ಬಂಡವಾಳ ಮಾಡಿಕೊಂಡು, ಟೆನೆಸಿಯ ನಾಕ್ಸ್‌ವಿಲ್‌ನಿಂದ 1994ರ ಡಿಸೆಂಬರ್ 30ರಂದು ಎಚ್‌ಜಿಟಿವಿ ಎಂಬ ವಾಹಿನಿ ಪ್ರಸಾರ ಆರಂಭಿಸಿತು. ಇಪ್ಪತ್ತನಾಲ್ಕು ಗಂಟೆಯೂ ಮನೆ ಮತ್ತು ತೋಟದ ವಿಷಯವನ್ನು ಯಾರು ನೋಡುತ್ತಾರೆಂದು ಆಗ ಮೂಗು ಮುರಿದವರಿದ್ದರು. ನನಗನ್ನಿಸುವಂತೆ, ಅಮೆರಿಕನ್ನರು ತಮ್ಮ ಸಮಾಜದಲ್ಲಿ ಇಲ್ಲದ ಗೃಹಪ್ರವೇಶವೊಂದನ್ನು ಟಿವಿಯಲ್ಲಿ ಪಡೆದುಕೊಂಡರು. ನಾವು ಊರಿನಲ್ಲೇ ಬಿಟ್ಟುಬಂದಿದ್ದೆವೆಂದು ತಿಳಿದಿದ್ದುದು ನಮಗೆ ಮತ್ತೆ ಸಿಕ್ಕಿತು. ಪಾಯಸವೊಂದು ಕಡಿಮೆ, ಅಷ್ಟೇ.

1999ರಲ್ಲಿ ಆರಂಭವಾದ ‘ಹೌಸ್ ಹಂಟರ್ಸ್’ ಈ ಸುಖವನ್ನು ಅತ್ಯಂತ ಸರಳ ರೂಪಕ್ಕೆ ಇಳಿಸಿದ ಕಾರ್ಯಕ್ರಮ. ಒಂದು ದಂಪತಿ, ಒಂದು ಬಜೆಟ್ಟು, ಮೂರು ಮನೆ. ಗಂಡನಿಗೆ ದೊಡ್ಡ ಗ್ಯಾರೇಜು ಬೇಕು, ಹೆಂಡತಿಗೆ ಬಚ್ಚಲಿನಲ್ಲಿ ಎರಡು ಸಿಂಕು ಬೇಕು, ಇಬ್ಬರಿಗೂ ಗೋಡೆಯ ಬಣ್ಣ ಹಿಡಿಸುವುದಿಲ್ಲ, ಕೊನೆಯ ಐದು ನಿಮಿಷದಲ್ಲಿ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ನನ್ನ ತಾಯಿ ಆರು ತಿಂಗಳ ವೀಸಾದ ಮೇಲೆ ಬಂದಿದ್ದಾಗ, ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ, ಈ ಕಾರ್ಯಕ್ರಮವನ್ನು ಮಾತ್ರ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. “ಎರಡನೆಯದನ್ನೇ ತಗೋಬೇಕು, ಅಡುಗೆಮನೆಗೆ ಮೂಡಲ ಬೆಳಕಿದೆ” ಎಂದು ಅವರು ಮೊದಲೇ ತೀರ್ಪು ಕೊಟ್ಟು, ದಂಪತಿ ಮೂರನೆಯದನ್ನು ಆರಿಸಿಕೊಂಡರೆ ಊಟದ ಹೊತ್ತಿನವರೆಗೂ ಬೇಸರದಲ್ಲಿರುತ್ತಿದ್ದರು. ಕಾರ್ಯಕ್ರಮಕ್ಕೆ ಬರುವವರು ಅದಾಗಲೇ ಒಂದು ಮನೆಯ ಖರೀದಿಯನ್ನು ಬಹುಮಟ್ಟಿಗೆ ಮುಗಿಸಿಕೊಂಡಿರುತ್ತಾರೆ, ಉಳಿದ ಎರಡನ್ನು ಕ್ಯಾಮೆರಾಕ್ಕಾಗಿ ಸುತ್ತಿ ಬರುತ್ತಾರೆ ಎಂಬ ಗುಟ್ಟು 2012ರಲ್ಲಿ ಹೊರಬಿದ್ದು ಇಲ್ಲಿ ದೊಡ್ಡ ಸುದ್ದಿಯಾಗಿತ್ತು. ಮೋಸ ಹೋದಂತೆ ಅನಿಸೀತೆಂದು ಅಂಜುತ್ತಲೇ ನಾನು ಅದನ್ನು ತಾಯಿಗೆ ಹೇಳಿದೆ. ಅವರು ಕಣ್ಣೆತ್ತಲೂ ಇಲ್ಲ. “ಹೆಣ್ಣು ನೋಡುವ ಶಾಸ್ತ್ರವೂ ಎಷ್ಟೋ ಸಲ ಹಾಗೇ ಅಲ್ಲವೇನು? ಎಲ್ಲ ಗೊತ್ತುಮಾಡಿಕೊಂಡ ಮೇಲೇ ಉಪ್ಪಿಟ್ಟು, ಕೇಸರಿಬಾತು” ಎಂದು ಹೇಳಿ ಬಟಾಣಿ ಬಿಡಿಸುವುದನ್ನು ಮುಂದುವರಿಸಿದರು.

ಆದರೆ ಮನೆ ನೋಡುವ ಆಸೆಯೊಂದೇ ನಮ್ಮನ್ನು ಹಿಡಿದು ಕೂರಿಸುತ್ತದೆ ಎಂದರೆ ಅರ್ಧ ಮಾತು ಹೇಳಿದಂತೆ. ಖರೀದಿಯ ಕಾರ್ಯಕ್ರಮಗಳಿಗಿಂತ ರಿಪೇರಿಯ ಕಾರ್ಯಕ್ರಮಗಳ ಸೆಳೆತ ಹೆಚ್ಚು, ಮತ್ತು ಆ ಸೆಳೆತದ ಮೂಲ ಬೇರೆಡೆ ಇದೆ. ಈ ಕುಲದ ಹಿರಿಯಣ್ಣನೆಂದರೆ ಬಾಸ್ಟನ್ನಿನ ಸಾರ್ವಜನಿಕ ವಾಹಿನಿ ಡಬ್ಲ್ಯೂಜಿಬಿಎಚ್ 1979ರಲ್ಲಿ ಆರಂಭಿಸಿದ ‘ದಿಸ್ ಓಲ್ಡ್ ಹೌಸ್’. ಡಾರ್ಚೆಸ್ಟರ್ ಬಡಾವಣೆಯ ಹಾಳುಬಿದ್ದ ಹಳೆಯ ಮನೆಯೊಂದನ್ನು ವಾಹಿನಿಯೇ ಕೊಂಡು, ಇಡೀ ಒಂದು ಸರಣಿಯುದ್ದಕ್ಕೂ ಆ ಒಂದೇ ಮನೆಯ ಕೆಲಸವನ್ನು ತೋರಿಸಿತು. ನಿರೂಪಕ ಬಾಬ್ ವೀಲಾ ಪ್ರಶ್ನೆ ಕೇಳುತ್ತಿದ್ದರು, ಬಡಗಿ ನಾರ್ಮ್ ಏಬ್ರಮ್ ಕೆಲಸ ನಿಲ್ಲಿಸದೆ ಉತ್ತರ ಹೇಳುತ್ತಿದ್ದರು. ಚೌಕಳಿ ಅಂಗಿಯ ಆ ಬಡಗಿ ಅಳತೆ ಹಿಡಿದು, ಗೆರೆ ಎಳೆದು, ಮತ್ತೊಮ್ಮೆ ಅಳತೆ ಹಿಡಿದು ಗರಗಸ ಎತ್ತಿಕೊಳ್ಳುವ ತಾಳ್ಮೆಯನ್ನು ನೋಡಿದಾಗಲೆಲ್ಲ ನನಗೆ ನಮ್ಮೂರಿನಲ್ಲಿ ಮುಂಬಾಗಿಲ ಚೌಕಟ್ಟಿಗೆ ಉಳಿ ಇಡುತ್ತಿದ್ದ ಆಚಾರ್ರ ನೆನಪು ಬರುತ್ತದೆ. ಅಲ್ಲಿ ಕೊಳಾಯಿ ಸೋರುತ್ತಿತ್ತು, ಖರ್ಚು ಅಂದಾಜನ್ನು ಮೀರುತ್ತಿತ್ತು, ಮಳೆ ಬಂದರೆ ಕೆಲಸ ನಿಲ್ಲುತ್ತಿತ್ತು.

ಮುಂದೆ ಬಂದವರು ಕೆಲಸವನ್ನು ಕತ್ತರಿಸಿ ಫಲವನ್ನು ಉಳಿಸಿಕೊಂಡರು. 2003ರಲ್ಲಿ ಎಬಿಸಿ ವಾಹಿನಿಯಲ್ಲಿ ಆರಂಭವಾದ ‘ಎಕ್ಸ್‌ಟ್ರೀಮ್ ಮೇಕೋವರ್: ಹೋಮ್ ಎಡಿಷನ್’ ಕಷ್ಟದಲ್ಲಿದ್ದ ಕುಟುಂಬವನ್ನು ಒಂದು ವಾರ ಪ್ರವಾಸಕ್ಕೆ ಕಳಿಸಿ, ನೂರಾರು ಜನರನ್ನು ಹಗಲೂರಾತ್ರಿ ದುಡಿಸಿ, ಏಳನೆಯ ದಿನ ಮನೆಗೆ ಅಡ್ಡ ನಿಲ್ಲಿಸಿದ ದೊಡ್ಡ ಬಸ್ಸೊಂದನ್ನು ಪಕ್ಕಕ್ಕೆ ಸರಿಸಿ ಹೊಸ ಮನೆಯ ದರ್ಶನ ಮಾಡಿಸುತ್ತಿತ್ತು. 2013ರಲ್ಲಿ ಟೆಕ್ಸಸ್‌ನ ವೇಕೋ ಊರಿನಿಂದ ಬಂದ ಚಿಪ್ ಮತ್ತು ಜೊಯಾನಾ ಗೇನ್ಸ್ ದಂಪತಿಯ ‘ಫಿಕ್ಸರ್ ಅಪ್ಪರ್’ನಲ್ಲಿ ಬಸ್ಸಿನ ಬದಲು ಹಳೆಯ ಮನೆಯ ಆಳೆತ್ತರದ ಚಿತ್ರವೊಂದು ಎರಡು ಹೋಳಾಗಿ ಅತ್ತಿತ್ತ ಸರಿಯುತ್ತದೆ. ಕೆನಡಾದ ಅವಳಿ ಸಹೋದರರ ‘ಪ್ರಾಪರ್ಟಿ ಬ್ರದರ್ಸ್’ನಲ್ಲಿ ಬರಿಯ ಬಾಗಿಲು ತೆರೆದರೂ ಸಾಕು. ಎಲ್ಲ ಕಡೆಯೂ ನಾವು ಕಾಯುವುದು ತೆರೆ ಸರಿಯುವ ಆ ಒಂದು ಗಳಿಗೆಗೆ; ಮನೆಯೊಡತಿ ಬಾಯಿಗೆ ಕೈ ಅಡ್ಡ ಹಿಡಿದು ಅಳುವುದಕ್ಕೆ. ನಿಜ ಹೇಳಬೇಕೆಂದರೆ ನಮಗೆ ಆ ಮನೆ ಬೇಕಾಗಿರುವುದಿಲ್ಲ. ಹಿಡಿದ ಕೆಲಸವೊಂದು ನಮ್ಮ ಕಣ್ಣೆದುರಿಗೇ ಪೂರ್ತಿ ಮುಗಿಯಿತಲ್ಲ, ಆ ಸಮಾಧಾನಕ್ಕಾಗಿ ನಾವು ಕೂತಿರುತ್ತೇವೆ. ಸೋಮವಾರದಿಂದ ಶುಕ್ರವಾರದವರೆಗೆ ನಾವು ಮಾಡುವ ಉದ್ಯೋಗಗಳಲ್ಲಿ ಯಾವುದು ತಾನೇ ಹೀಗೆ ಮುಗಿಯುತ್ತದೆ?

ಹಾಗೆ ಮುಗಿಯದ ಕೆಲಸವೊಂದರ ಅನುಭವ ನನಗೆ ಮನೆಯಲ್ಲೇ ಆಯಿತು. ಇಂಥ ಕಾರ್ಯಕ್ರಮಗಳನ್ನು ನೋಡಿ ಧೈರ್ಯ ತಂದುಕೊಂಡು ಎರಡು ವರ್ಷದ ಹಿಂದೆ ನಾವು ಅಡುಗೆಮನೆಯನ್ನು ಕೆಡವಿದೆವು. ಟಿವಿಯಲ್ಲಿ ಕೆಡಹುವ ದಿನವೆಂದರೆ ಹಬ್ಬ: ಕನ್ನಡಕ ಹಾಕಿಕೊಂಡ ಮನೆಯವರು ದೊಡ್ಡ ಸುತ್ತಿಗೆ ಎತ್ತಿ, ಕೇಕೆ ಹಾಕಿ ಗೋಡೆಗೆ ಬಡಿಯುತ್ತಾರೆ. ನಮ್ಮದು 1960ರ ದಶಕದ ಮನೆ. ಈ ದೇಶದಲ್ಲಿ ಮನೆಗಳ ಬಣ್ಣದಲ್ಲಿ ವಿಷಕಾರಿ ಸೀಸ ಬಳಸುವುದನ್ನು ನಿಷೇಧಿಸಿದ್ದು 1978ರಲ್ಲಿ. ಆದ್ದರಿಂದ ಸುತ್ತಿಗೆಯ ಮಾತು ಹಾಗಿರಲಿ, ಬಣ್ಣದ ಪರೀಕ್ಷೆಯಾಗಿ, ಬಾಗಿಲುಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಬಿಗಿದು, ಧೂಳು ಏಳದಂತೆ ನೀರು ಚಿಮುಕಿಸಿ, ಗೋಡೆಯನ್ನು ತುಂಡು ತುಂಡಾಗಿ ಇಳಿಸಬೇಕಾಯಿತು. ನಗರಸಭೆಯ ಪರ್ಮಿಟ್ಟಿಗೆ ಮೂರು ವಾರ. ವೈರಿಂಗ್ ನೋಡಲು ಇನ್‌ಸ್ಪೆಕ್ಟರ್ ಬರುವವರೆಗೆ ಗೋಡೆ ಮುಚ್ಚುವಂತಿಲ್ಲವಾದ್ದರಿಂದ, ಹದಿನಾರು ಹದಿನಾರು ಇಂಚಿಗೆ ನಿಂತಿದ್ದ ಮರದ ಪಟ್ಟಿಗಳ ಸಂದಿಯಿಂದ ಊಟದ ಕೋಣೆ ಕಾಣುತ್ತ ಇನ್ನೆರಡು ವಾರ. ಕಪಾಟುಗಳು ಬಂದಾಗ ಒಂದರ ಬಾಗಿಲು ಎಡಗೈ ಬದಲು ಬಲಗೈಯದಾಗಿತ್ತು. ಅದನ್ನು ಬದಲಾಯಿಸಿ ಕೊಡಲು ಅಂಗಡಿಯವರಿಗೆ ಏಳು ವಾರ ಹಿಡಿಯಿತು. ಆ ನಾಲ್ಕೂವರೆ ತಿಂಗಳು ಬಟ್ಟೆ ಒಗೆಯುವ ಕೋಣೆಯಲ್ಲಿ ಇಂಡಕ್ಷನ್ ಒಲೆಯ ಮೇಲೆ ಸಾರು ಕುದಿಸಿ, ಸ್ನಾನದ ತೊಟ್ಟಿಯಲ್ಲಿ ಬಗ್ಗಿ ಕುಕ್ಕರ್ ತೊಳೆದ ನನ್ನ ಸೊಂಟಕ್ಕೆ ಆ ಕಾಲದ ಲೆಕ್ಕ ಚೆನ್ನಾಗಿ ನೆನಪಿದೆ.

ನಮ್ಮಂಥವರಿಗೆ ಈ ಕಾರ್ಯಕ್ರಮಗಳು ಹೇಳಿಕೊಡದ ಇನ್ನೊಂದು ಪಾಠವಿದೆ, ಅದು ಒಗ್ಗರಣೆಯದು. ಅಡುಗೆಮನೆಯ ಗೋಡೆ ತೆಗೆಯಿರಿ, ಎಲ್ಲ ವಿಶಾಲವಾಗಲಿ ಎಂದು ಸಾರುವ ವಿನ್ಯಾಸಕಾರರು ಕಾದ ಎಣ್ಣೆಗೆ ಸಾಸಿವೆ, ಇಂಗು, ಬ್ಯಾಡಗಿ ಮೆಣಸಿನಕಾಯಿ ಬೀಳುವ ಮನೆಯನ್ನು ಊಹಿಸಿಕೊಂಡವರಲ್ಲ. ಅನೇಕ ಮನೆಗಳಲ್ಲಿ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಕಳಿಸುವುದೂ ಇಲ್ಲ. ಇದ್ದಿಲಿನ ಜಾಲರಿಯೊಂದರ ಮೂಲಕ ಹಾಯಿಸಿ ಮತ್ತೆ ನಮ್ಮ ಮುಖಕ್ಕೇ ಊದುತ್ತದೆ. ಒಳ್ಳೆಯ ಫ್ಯಾನು ಹಾಕಿಸೋಣವೆಂದರೆ, ಅದು ನಿಮಿಷಕ್ಕೆ 400 ಘನ ಅಡಿಗಿಂತ ಹೆಚ್ಚು ಗಾಳಿ ಎಳೆಯುವುದಾದರೆ ಅಷ್ಟೇ ಗಾಳಿ ಒಳಗೆ ಬರಲು ಬೇರೆ ದಾರಿ ಮಾಡಿಕೊಡಬೇಕೆಂಬ ಕಟ್ಟಡ ನಿಯಮ ಬಹಳ ಊರುಗಳಲ್ಲಿದೆ. ಗೋಡೆ ತೆಗೆಸಿಕೊಂಡ ನಮ್ಮ ಸ್ನೇಹಿತರ ಸೋಫಾಗಳೆಲ್ಲ ಇಂಗಿನ ವಾಸನೆ ಹೊಡೆಯುತ್ತವೆ, ಅವರ ಹುಳಿಯ ಒಗ್ಗರಣೆಗೆ ಸ್ಮೋಕ್ ಅಲಾರಂ ತಪ್ಪದೆ ತಾಳ ಹಾಕುತ್ತದೆ. ಕೊನೆಗೆ ಅವರು ಗ್ಯಾರೇಜಿನಲ್ಲಿ ಎರಡನೆಯ ಒಲೆ ಇಟ್ಟು, ನಾಲ್ಕು ಗೋಡೆಯೊಳಗಿನ ಅಡುಗೆಮನೆಗೇ ಮರಳುತ್ತಾರೆ.

ಕಟ್ಟುವ ಕೆಲಸದ ಬಹುಪಾಲು ಕಾಯುವುದರಲ್ಲೇ ಹೋಗುತ್ತದೆ ಎಂಬುದನ್ನು ಇಲ್ಲಿ ಕೂತು ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದ ನಮ್ಮ ಸದಸ್ಯರು ಬಲ್ಲರು. ಅವರ ಟಿವಿ ಕಾರ್ಯಕ್ರಮ ವಾಟ್ಸಾಪಿನಲ್ಲಿ ನಡೆಯುತ್ತದೆ: ತಂದೆಯವರು ಫೋನನ್ನು ಅಡ್ಡಡ್ಡ ಹಿಡಿದು ತೋರಿಸುವ ಕಂಬಿ, ಜಲ್ಲಿ, ಮರಳು, ಅದರಾಚೆ ಮೇಸ್ತ್ರಿಯ “ಆಗೋಗುತ್ತೆ ಸಾರ್.” ಮೋಲ್ಡ್ ಹಾಕಿದ ಮೇಲೆ ಛಾವಣಿಯ ಮೇಲೆ ಸಿಮೆಂಟಿನ ಪುಟ್ಟ ಪುಟ್ಟ ಪಾತಿ ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಆ ದಿನಗಳಲ್ಲಿ ಅಲ್ಲಿ ಏನೂ ನಡೆಯುವುದಿಲ್ಲ, ನೀರಿನಲ್ಲಿ ಆಕಾಶ ಕಾಣುತ್ತಿರುತ್ತದೆ, ಒಳಗೆ ಕಾಂಕ್ರೀಟು ಗಟ್ಟಿಯಾಗುತ್ತಿರುತ್ತದೆ. ಯಾವ ವಾಹಿನಿಯೂ ಇದನ್ನು ತೋರಿಸಲಾರದು. ಇನ್ನೊಂದು ವ್ಯತ್ಯಾಸವೂ ಇದೆ. ಊರಿನಲ್ಲಿ ಅರ್ಧ ಕಟ್ಟಿದ ಮನೆಗೆ ಕಣ್ಣು ಬೀಳದಿರಲೆಂದು ದೃಷ್ಟಿಗೊಂಬೆಯನ್ನೋ ಬೂದುಗುಂಬಳವನ್ನೋ ಕಟ್ಟುತ್ತಾರೆ. ಇಲ್ಲಿ ಅರ್ಧ ಕೆಡವಿದ ಮನೆಯನ್ನು ದೇಶದ ಕಣ್ಣಿಗೆಲ್ಲ ತೆರೆದಿಡುತ್ತಾರೆ.

ಕಣ್ಣು ಬಿದ್ದದ್ದೂ ಉಂಟು. ‘ಎಕ್ಸ್‌ಟ್ರೀಮ್ ಮೇಕೋವರ್’ನಲ್ಲಿ ಒಂದು ವಾರದಲ್ಲಿ ಎದ್ದ ಆ ಭಾರಿ ಮನೆಗಳ ತೆರಿಗೆಯನ್ನೂ ವಿದ್ಯುತ್ ಬಿಲ್ಲನ್ನೂ ತಾಳಲಾರದೆ, ಅಥವಾ ಅವುಗಳ ಮೇಲೆ ಎತ್ತಿದ ಸಾಲ ತೀರಿಸಲಾರದೆ, ಕೆಲವು ಕುಟುಂಬಗಳು ಅವನ್ನು ಕಳೆದುಕೊಂಡವು. ಹಳೆಯ ಮನೆ ಕೊಂಡು, ಬಣ್ಣ ಬಳಿದು, ಲಾಭಕ್ಕೆ ಮಾರುವುದನ್ನೇ ಆಟವಾಗಿಸಿದ ‘ಫ್ಲಿಪ್ ದಿಸ್ ಹೌಸ್’ ಆರಂಭವಾದದ್ದು 2005ರಲ್ಲಿ, ಮನೆಗಳ ಬೆಲೆ ನೆತ್ತಿಗೇರುತ್ತಿದ್ದಾಗ. ಮೂರು ವರ್ಷದೊಳಗೆ ಆ ಆಟ ದೇಶವನ್ನು ಎಲ್ಲಿಗೆ ತಂದು ನಿಲ್ಲಿಸಿತೆಂದು, ಅಂದು ಕೆಲಸ ಕಳೆದುಕೊಂಡ ನಮ್ಮ ಸದಸ್ಯರಿಗೆ ನಾನು ಹೇಳಬೇಕಾಗಿಲ್ಲ. ಟಿವಿಯಿಂದಲೇ 2008ರ ಆರ್ಥಿಕ ಕುಸಿತ ಬಂತೆನ್ನುವುದು ಅತಿಶಯವಾದೀತು. ಆದರೆ ಮರುಮಾರಾಟದ ಬೆಲೆ ಎಂಬ ಪದವನ್ನು ಅದು ನಮ್ಮ ಅಡುಗೆಮನೆಯ ಒಳಗೆ ತಂದು ಕೂರಿಸಿದ್ದು ಮಾತ್ರ ನಿಜ, ಮತ್ತು ನನ್ನ ತಕರಾರೆಲ್ಲ ಇರುವುದು ಅಲ್ಲೇ. ಮುಂದೆಂದೋ ಬರಬಹುದಾದ, ನಾವು ಮುಖ ಕಾಣದ ಗಿರಾಕಿಗಾಗಿ ಇವತ್ತೇ ಗೋಡೆಗಳಿಗೆ ಬೂದಿ ಬಣ್ಣ ಬಳಿದುಕೊಂಡು ಬದುಕುತ್ತೇವೆ. ನಮ್ಮ ಮನೆಯಲ್ಲಿ ಮಹಡಿ ಮೆಟ್ಟಿಲ ಕೆಳಗಿನ ಕೋಟು ಇಡುವ ಗೂಡನ್ನು ದೇವರಮನೆ ಮಾಡಿಕೊಂಡಿದ್ದೇವೆ; ಬಂದ ಏಜೆಂಟರೊಬ್ಬರು ಮಾರುವ ಮುಂಚೆ ಅದನ್ನು ಮತ್ತೆ ಕೋಟಿನ ಗೂಡಾಗಿ ಮಾಡಿಸಿಬಿಡಿ ಎಂದು ಸಲಹೆ ಕೊಟ್ಟರು. ಮಾರುವ ಯೋಚನೆಯೇ ಇಲ್ಲವೆಂದರೂ ಅವರು ನಂಬಲಿಲ್ಲ.

ಇಷ್ಟೆಲ್ಲ ಬರೆದ ಮೇಲೂ ಮುಂದಿನ ಶನಿವಾರ ಬಟ್ಟೆಯ ಬುಟ್ಟಿ ತಂದಿಟ್ಟುಕೊಂಡು ನಾನು ಅದನ್ನೇ ನೋಡುತ್ತೇನೆಂಬುದರಲ್ಲಿ ಸಂಶಯವಿಲ್ಲ. ಗೃಹಪ್ರವೇಶದ ಮನೆಯವರು ಮೊನ್ನೆ ಫೋನ್ ಮಾಡಿದ್ದರು. ಹಿರಿಯರ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು ಅವರು ಎಂಜಿನಿಯರ್ ಒಬ್ಬರನ್ನು ಕರೆಸಿ ಆ ಗೋಡೆಯನ್ನು ತೋರಿಸಿದರಂತೆ. ಬೀಮ್ ಕೊಡುವುದೇನೋ ಆಗುತ್ತದೆ, ಆದರೆ ಮೇಲಿನ ಬಚ್ಚಲಿನ ನೀರು ಇಳಿಯುವ ಪೈಪು ಆ ಗೋಡೆಯೊಳಗೇ ಇದೆಯಂತೆ; ಅದನ್ನು ಸರಿಸುವ ಖರ್ಚು ಕೇಳಿ ಅವರು ಸುಮ್ಮನಾದರು. ಈಗ ಅಲ್ಲಿ ಮೈಸೂರು ಶೈಲಿಯ ಗಜಲಕ್ಷ್ಮಿಯ ಚಿತ್ರವೊಂದನ್ನು ತೂಗುಹಾಕಬೇಕೆಂದಿದ್ದಾರೆ. ಪೈಪಿಗೆ ತಗಲದಂತೆ ಮೊಳೆಯನ್ನು ಎಲ್ಲಿ ಹೊಡೆಯಬೇಕೆಂದು ನನ್ನನ್ನು ಕೇಳಿದರು.