ಹ್ಯಾಡಿಕ್ಸ್ ಸೋತ ರಾತ್ರಿಯ ಬಗ್ಗೆ, ಯುವ ಬರಹಗಾರರಿಗೊಂದು ಪತ್ರ

ಪ್ರಿಯ ಗೆಳೆಯರೇ,

ನಿಮ್ಮ ಕರಡನ್ನು ಎರಡು ಸಲ ಓದಿದೆ. 1959ರ ಮೇ 26ರ ರಾತ್ರಿ ಮಿಲ್ವಾಕಿಯ ಕೌಂಟಿ ಸ್ಟೇಡಿಯಮ್ಮಿನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಪಿಚರ್ (ಚೆಂಡೆಸೆಯುವವನು) ಹಾರ್ವಿ ಹ್ಯಾಡಿಕ್ಸ್ ಹನ್ನೆರಡು ಇನ್ನಿಂಗ್ಸ್ ಪೂರ್ತಿ ಎದುರಾಳಿಗಳಲ್ಲಿ ಒಬ್ಬನನ್ನೂ ಬೇಸ್ (ಓಟಗಾರ ಮುಟ್ಟಬೇಕಾದ ನೆಲೆ) ತಲುಪಗೊಡದೆ, ಹದಿಮೂರನೆಯದರಲ್ಲಿ ಸೋತ ಆ ಬೇಸ್‌ಬಾಲ್ ಪಂದ್ಯವನ್ನು ನೀವು ಆರಿಸಿಕೊಂಡದ್ದು ನನಗೆ ಸಂತೋಷ ತಂದಿದೆ. ಆದರೆ ಮೊದಲ ಸಾಲಿನಲ್ಲೇ ‘ವಿಧಿಯಾಟ’ ಎಂದು ಬರೆದುಬಿಟ್ಟಿದ್ದೀರಿ. ಆ ಪದ ಬಂದ ಮೇಲೆ ಓದುಗನಿಗೆ ಮೈದಾನದಲ್ಲಿ ನೋಡಲು ಏನೂ ಉಳಿಯುವುದಿಲ್ಲ. ದಯವಿಟ್ಟು ಅದನ್ನು ಹೊಡೆದುಹಾಕಿ.

ನಿಯಮಗಳನ್ನು ಎರಡು ಸಾಲಿನಲ್ಲಿ ಮುಗಿಸಿ. ಮೂವರು ಔಟಾದರೆ ತಂಡದ ಸರದಿ ಮುಗಿಯುತ್ತದೆ, ಒಂಬತ್ತು ಇನ್ನಿಂಗ್ಸ್ ಆದ ಮೇಲೂ ಅಂಕ ಸಮವಿದ್ದರೆ ಆಟ ಮುಂದುವರಿಯುತ್ತದೆ ಎಂದರೆ ನಮ್ಮ ಓದುಗರಿಗೆ ಸಾಕು. ಪಿಚರನನ್ನು ಬೌಲರ್ ಎಂದು ಕರೆಯಬೇಡಿ, ಅವರು ಅಷ್ಟು ದಡ್ಡರಲ್ಲ. ಸಾಲಾಗಿ 27 ಮಂದಿ ಔಟಾದರೆ ಅದೇ ಪರಿಪೂರ್ಣ ಆಟ, ಹ್ಯಾಡಿಕ್ಸ್ ಔಟ್ ಮಾಡಿದ್ದು 36 ಮಂದಿಯನ್ನು. ಈ ಸಂಖ್ಯೆಯನ್ನು ನೀವು ನಾಲ್ಕು ಕಡೆ ಹೇಳಿದ್ದೀರಿ, ಒಂದೇ ಕಡೆ ಹೇಳಿ.

ನಿಮ್ಮ ಬರಹದಲ್ಲಿ ನನಗೆ ಕಾಣದೇ ಹೋದವನು ಲೂ ಬರ್ಡೆಟ್. ಮಿಲ್ವಾಕಿ ಬ್ರೇವ್ಸ್‌ನ ಆ ಪಿಚರ್ ಹನ್ನೆರಡು ಹಿಟ್ (ಹೊಡೆದವನನ್ನು ಬೇಸ್ ತಲುಪಿಸುವ ಹೊಡೆತ) ಬಿಟ್ಟುಕೊಟ್ಟೂ ಹದಿಮೂರು ಇನ್ನಿಂಗ್ಸಿನಲ್ಲಿ ಒಂದು ರನ್ನನ್ನೂ ಕೊಡಲಿಲ್ಲ. ಮೂರನೆಯ ಇನ್ನಿಂಗ್ಸಿನಲ್ಲಿ ಪಿಟ್ಸ್‌ಬರ್ಗ್ ಮೂರು ಹಿಟ್ ಹೊಡೆಯಿತು, ಅದರಲ್ಲೊಂದು ಹ್ಯಾಡಿಕ್ಸ್‌ನದೇ. ಆ ಹೊಡೆತಕ್ಕೆ ಮೂರನೆಯ ಬೇಸಿನವರೆಗೆ ಓಡಲು ಹೋದ ರೋಮನ್ ಮೆಹಿಯಾಸ್ ಔಟಾದ, ರನ್ ಬರಲೇ ಇಲ್ಲ. ಹಿಂದೊಮ್ಮೆ ನಾನು ಹಾಕಿ ಪಂದ್ಯವೊಂದರ ವರದಿಯಲ್ಲಿ ಸೋತ ಗೋಲ್‌ಕೀಪರನ ದುರದೃಷ್ಟಕ್ಕೆ ಅರ್ಧ ಕಾಲಂ ಕೊಟ್ಟು, ಗೋಲು ಹೊಡೆದವನ ಹೆಸರನ್ನೇ ಬಿಟ್ಟಿದ್ದೆ. ಮರುದಿನ ಸಂಪಾದಕರು ಏನೂ ಬೈಯದೆ, ಕತ್ತರಿಸಿದ ಆ ವರದಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಹದಿಮೂರನೆಯ ಇನ್ನಿಂಗ್ಸನ್ನು ಮಾತ್ರ ನಿಧಾನವಾಗಿ ಬರೆಯಿರಿ. ಪಿಟ್ಸ್‌ಬರ್ಗ್ ಪರ ಮೂರನೆಯ ಬೇಸ್ ಕಾಯುತ್ತಿದ್ದ ಡಾನ್ ಹೋಕ್ ಎಸೆದ ಚೆಂಡು ತಪ್ಪಿ ಮಿಲ್ವಾಕಿಯ ಫೀಲಿಕ್ಸ್ ಮಾಂಟಿಯಾ ಮೊದಲ ಬೇಸ್ ಸೇರಿದ. ಎಡ್ಡಿ ಮ್ಯಾಥ್ಯೂಸ್ ತಾನು ಔಟಾಗಿ ಅವನನ್ನು ಎರಡನೆಯ ಬೇಸಿಗೆ ದಾಟಿಸಿದ. ಹ್ಯಾಂಕ್ ಆರನ್‌ಗೆ ಬೇಕೆಂದೇ ವಾಕ್ ಕೊಟ್ಟು, ಹೊಡೆಯಗೊಡದೆ ಮೊದಲ ಬೇಸಿಗೆ ಬಿಟ್ಟರು. ಜೋ ಆಡ್‌ಕಾಕ್ ಹೊಡೆದ ಚೆಂಡು ಬೇಲಿ ದಾಟಿತು. ಅದು ದಾಟಿದ್ದು ತಿಳಿಯದ ಆರನ್, ಗೆಲುವಿನ ರನ್ ಬಂತೆಂದುಕೊಂಡು ಓಟದ ದಾರಿಯನ್ನು ಬಿಟ್ಟು ಆಟಗಾರರು ಕೂರುವ ಡಗೌಟಿನತ್ತ ತಿರುಗಿದ, ಆಡ್‌ಕಾಕ್ ಅವನನ್ನು ದಾಟಿ ಓಡಿದ. ಮುಂದಿರುವ ಓಟಗಾರನನ್ನು ದಾಟುವಂತಿಲ್ಲ ಎಂಬ ನಿಯಮದ ಪ್ರಕಾರ ಆಡ್‌ಕಾಕ್ ಔಟ್. ಬೇಲಿ ದಾಟಿದ ಹೋಮ್ ರನ್ ಬರೀ ಎರಡು ಬೇಸಿನ ಹೊಡೆತ (ಡಬಲ್) ಎನಿಸಿತು, ಮೂರು ರನ್ ಆಗಬೇಕಿದ್ದದ್ದು ಕೊನೆಗೆ ಲೀಗಿನ ಅಧ್ಯಕ್ಷ ವಾರನ್ ಜೈಲ್ಸ್‌ರ ತೀರ್ಪಿನಲ್ಲಿ 1–0 ಎಂದು ನಿಂತಿತು.

ಹ್ಯಾಡಿಕ್ಸ್‌ಗೆ ಅಂದು ಫ್ಲೂ ಇತ್ತೆಂಬುದನ್ನು ಅಲ್ಲೇ ಸುಮ್ಮನೆ ಸೇರಿಸಿ, ಅದನ್ನು ಕಣ್ಣೀರಿಗೆ ಬಳಸಬೇಡಿ. 1991ರಲ್ಲಿ ವ್ಯಾಖ್ಯೆ ಬದಲಿಸಿ ಈ ಆಟವನ್ನು ಪರಿಪೂರ್ಣ ಆಟಗಳ ಪಟ್ಟಿಯಿಂದ ಕೈಬಿಟ್ಟದ್ದಕ್ಕೆ ನೀವು ಒಂದು ಪುಟವಿಡೀ ಕೋಪಗೊಂಡಿದ್ದೀರಿ. ನನಗೂ ಆ ನಿರ್ಧಾರ ಹಿಡಿಸಿಲ್ಲ, ಆದರೂ ಅದಕ್ಕೆ ಒಂದು ವಾಕ್ಯ ಸಾಕು.

ಆರನ್ ತಿರುಗಿದಲ್ಲಿಂದ ಮತ್ತೆ ಬರೆದು, ಮುಂದಿನ ವಾರದೊಳಗೆ ಕಳಿಸಿ.

ಇಂತಿ ನಿಮ್ಮ ಹಿತೈಷಿ