ಡೀಸೆಲ್ ಇಲ್ಲ ಅಂದ ಅಣ್ಣನಿಗೆ

ಶನಿವಾರ ರಾತ್ರಿ ನನ್ನ ಡ್ರಮ್ಸ್ ಕಾರ್ಯಕ್ರಮಕ್ಕೆ ಗೋವಾದ ಸಾಲಿಗಾಂವ್‌ನ ಆ ಅಂಗಳಕ್ಕೆ ಬಂದ ಎಲ್ಲರಿಗೂ ಥ್ಯಾಂಕ್ಸ್. ಪಿಯಾನೋ ಇಲ್ಲ, ಸ್ಯಾಕ್ಸ್ ಇಲ್ಲ, ಹಾಡಂತೂ ಮೊದಲೇ ಇಲ್ಲ. ಬರೀ ಡ್ರಮ್ಸ್ ಕೇಳೋಕೆ ಟಿಕೆಟ್ ತಗೊಂಡು, ಹಲಸಿನ ಮರದ ಕೆಳಗೆ ಸೊಳ್ಳೆ ಕಚ್ಚಿಸಿಕೊಂಡು ಕೂತಿದ್ರಿ. ಸಣ್ಣ ಮಾತಲ್ಲ.

ಎಡಗೈಗೆ ಆಪರೇಷನ್ ಆಗಿ, ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳಲ್ಲ. ಆಪರೇಷನ್ ಮಾಡಿದ ಡಾಕ್ಟರು, ನಾನು ಎಷ್ಟು ಕೂಗಿಕೊಂಡರೂ ಬಿಡದೆ ಮಣಿಕಟ್ಟು ತಿರುಗಿಸಿದ ಫಿಸಿಯೋ ಮೇಡಂ, ಧಾರವಾಡದಿಂದ ಬಂದು ಅಡುಗೆಮನೆ ವಹಿಸಿಕೊಂಡ ಅಮ್ಮ, ಅಂಗಳ ಬಿಟ್ಟುಕೊಟ್ಟ ಮನೆಯವರು, ಕಾಲಲ್ಲಿ ಪೆಡಲ್ ತುಳಿದು ಬಾರಿಸುವ ದೊಡ್ಡ ಬೇಸ್ ಡ್ರಮ್ ಜಾರದಿರಲಿ ಅಂತ ತಮ್ಮ ಹಾಲ್‌ನ ಕಾರ್ಪೆಟ್ಟನ್ನೇ ಹೊತ್ತು ತಂದ ಪಕ್ಕದ ಮನೆ ಆಂಟಿ, ಎಲ್ಲರ ಋಣ ನನ್ನ ಮೇಲಿದೆ.

ಇನ್ನು ಅಣ್ಣನ ವಿಷಯ.

ಅಣ್ಣ ಅಂದರೆ ಛೋಟಾ ಹಾತಿ, ಅಂದ್ರೆ ಸಣ್ಣ ಸರಕು ಗಾಡಿ, ಓಡಿಸೋ ನಮ್ಮ ಅಣ್ಣ. ವಿಜಯಪುರ ಕಡೆಯವರು, ಇರೋದು ಝುವಾರಿನಗರದಲ್ಲಿ. ನನ್ನ ಡ್ರಮ್ ಸೆಟ್ ಗೋವಾದಲ್ಲಿ ಎಲ್ಲಿಗೆ ಹೋದರೂ ಅವರ ಗಾಡಿಯಲ್ಲೇ ಹೋಗಬೇಕು. ಸ್ನೇರ್ ಅನ್ನೋ ಚಿಕ್ಕ ಡ್ರಮ್‌ಗೆ 'ಸಣ್ಣ ಡಬ್ಬಿ', ಸಿಂಬಲ್ ಅನ್ನೋ ಲೋಹದ ತಟ್ಟೆಗೆ 'ತಾಟು' ಅಂತಾರೆ. ಜಾಝ್ ಬಗ್ಗೆ ಅವರ ಅಭಿಪ್ರಾಯ ಅಷ್ಟೇನೂ ಒಳ್ಳೆಯದಿಲ್ಲ.

ಪ್ಲಾಸ್ಟರ್ ತೆಗೆದ ದಿನ ರಾತ್ರಿ ಕೋಲು ಹಿಡಿದು ನೋಡಿದೆ. ಜಾಝ್‌ನಲ್ಲಿ ಎಡಗೈಯ ಅಂಗೈಯನ್ನು ಮೇಲ್ಮುಖ ಮಾಡಿ ಕೋಲು ಹಿಡಿಯುವ ಒಂದು ಪದ್ಧತಿ ಇದೆ, ಟ್ರೆಡಿಷನಲ್ ಗ್ರಿಪ್. ಹಿಂದೆ ಮಿಲಿಟರಿ ಬ್ಯಾಂಡ್‌ನವರು ಡ್ರಮ್ಮನ್ನು ಓರೆಯಾಗಿ ನೇತುಹಾಕಿಕೊಂಡು ಬಾರಿಸುತ್ತಿದ್ದರಲ್ಲ, ಅಲ್ಲಿಂದ ಬಂದದ್ದು. ನಾನು ಕಲಿತದ್ದೇ ಹಾಗೆ. ಅದಕ್ಕೆ ಮುಂಗೈ ಸಲೀಸಾಗಿ ತಿರುಗಬೇಕು. ತಿರುಗಲಿಲ್ಲ. ಕೋಲು ಕೆಳಗೆ ಬಿತ್ತು, ಎತ್ತಿಕೊಂಡೆ, ಮತ್ತೆ ಬಿತ್ತು. ಬೆರಳು ಕಣ್ಣೆದುರಿಗೇ ಇವೆ, ಹೇಳಿದ ಮಾತು ಕೇಳ್ತಿಲ್ಲ. ಜೋರಾಗಿ ಅತ್ತೆ. ಅಮ್ಮ ಊರಿಗೆ ಹೋಗಿದ್ದು ಒಳ್ಳೆಯದಾಯಿತು ಅನ್ನಿಸಿತು.

ಆಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಮುಂಬೈಯಲ್ಲಿ ಸೆಟ್ ಕೊಳ್ಳೋರು ಒಬ್ಬರಿದ್ದಾರೆ, ಈಗಲೇ ಲೋಡ್ ಮಾಡಿ ಹೊರಡೋಣ ಅಂದೆ. ಬಂದರು. ಡ್ರಮ್ ನೋಡಿದರು, ನನ್ನ ಮುಖ ನೋಡಿದರು, ಮೆಟ್ಟಿಲ ಮೇಲೆ ಕೂತರು.

'ಡೀಸೆಲ್ ಇಲ್ಲ ತಮ್ಮಾ. ಮುಂಜಾನಿ ನೋಡೂಣು.'

ಎಲ್ಲಿಗೂ ಹೋಗಲಿಲ್ಲ. ಸಮಾಧಾನದ ಮಾತೂ ಆಡಲಿಲ್ಲ. ಚಹಾ ಮಾಡಿದರು. ನಡುರಾತ್ರಿ ದಾಟಿದ ಮೇಲೆ ನನ್ನ ಕೋಲು ತಗೊಂಡು ಪ್ಲಾಸ್ಟಿಕ್ ಸ್ಟೂಲ್ ಮೇಲೆ ಸುಮ್ನೆ ಬಡಿಯೋಕೆ ಶುರು ಮಾಡಿದರು. ಮೊಹರಂನಲ್ಲಿ ಊರಲ್ಲಿ ಹಲಗಿ ಬಾರಿಸುತ್ತಿದ್ದರಂತೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ! ಹಲಗಿಗೆ ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ತೆಳ್ಳನೆ ಕಡ್ಡಿ. ಎಡಗೈ ಕೋಲು ಕೆಳಗಿಟ್ಟು, ಪೊರಕೆಯಿಂದ ಒಂದು ಕಡ್ಡಿ ಕಿತ್ತು ತೋರಿಸಿದರು. 'ಎಡಗೈಗೆ ಜೋರ್ ಯಾಕ ಬೇಕು? ಅದು ಮಾತಾಡಬೇಕು ಅಷ್ಟ.'

ಬೆಳಕು ಹರಿದ ಮೇಲೆ ಗಾಡಿ ಸ್ಟಾರ್ಟ್ ಮಾಡಿಕೊಂಡು ಪೋಂಡಾಕ್ಕೆ ಹೋದರು, ಸಿಮೆಂಟ್ ಲೋಡ್ ಇತ್ತಂತೆ. ಬಂಕ್ ಕಡೆ ತಿರುಗಿಯೂ ನೋಡಲಿಲ್ಲ.

ಶನಿವಾರ ನೀವು ಕೇಳಿದ್ದರ ಅರ್ಧ ಆ ಪೊರಕೆ ಕಡ್ಡಿಯಿಂದ ಬಂದದ್ದು. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ತಂತಿ ಬ್ರಶ್. ಇನ್ನರ್ಧ ಕಾಲಿನದು. ಕೈ ಕಟ್ಟಿಹಾಕಿದ್ದ ದಿನಗಳಲ್ಲಿ ಪೆಡಲ್ ತುಳಿಯೋದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ ಅಲ್ವಾ? ಅಮೆರಿಕದ ಜಾಝ್ ಡ್ರಮ್ಮರ್ ಮ್ಯಾಕ್ಸ್ ರೋಚ್ ಅವರ 1966ರಲ್ಲಿ ಬಂದ ಒಂದು ಆಲ್ಬಮ್‌ನಲ್ಲಿ ಡ್ರಮ್ ಒಂದನ್ನೇ ಇಟ್ಟುಕೊಂಡು ನುಡಿಸಿದ ತುಣುಕುಗಳಿವೆ. ಅದರಲ್ಲೊಂದರಲ್ಲಿ ಕಾಲು ಮೂರರ ಲೆಕ್ಕ ಹಿಡಿದೇ ಇರುತ್ತದೆ, ಮೊದಲನೇದಕ್ಕೆ ಬೇಸ್ ಡ್ರಮ್, ಉಳಿದೆರಡಕ್ಕೆ ಹೈ-ಹ್ಯಾಟ್, ಅಂದರೆ ಪೆಡಲ್ ತುಳಿದರೆ ಒಂದಕ್ಕೊಂದು ಬಡಿಯುವ ಜೋಡಿ ಸಿಂಬಲ್. ಕೈ ಅದರ ಮೇಲೆ ತನಗೆ ಬೇಕಾದಂತೆ ಓಡಾಡುತ್ತದೆ. ಆ ನಡೆ ನನ್ನ ಕಾಲಿಗೆ ಎಷ್ಟು ಹತ್ತಿಬಿಟ್ಟಿತ್ತೆಂದರೆ ಕೆಳಗಿನ ಮನೆಯವರು ಮೇಲೆ ಬಂದು ವಿಚಾರಿಸಿದ್ದರು. ಅವರಿಗೂ ಥ್ಯಾಂಕ್ಸ್, ಪೊಲೀಸರನ್ನು ಕರೆಯದೇ ಇದ್ದದ್ದಕ್ಕೆ.

ಬಯಲಲ್ಲಿ ನುಡಿಸೋದು ಬೇರೆಯೇ ಕಷ್ಟ. ಗೋಡೆಯಿಲ್ಲ, ಸದ್ದು ವಾಪಸ್ ಬರೋದಿಲ್ಲ, ಬೇಸ್ ಡ್ರಮ್ ಬಡಕಲಾಗಿ ಕೇಳುತ್ತದೆ. ಜಾಸ್ತಿ ಬಡಿಯೋಣ ಅನ್ನಿಸುತ್ತದೆ, ಬಡಿದರೆ ಕೆಟ್ಟಿತು. ಸಾಲದ್ದಕ್ಕೆ ಡಿಸೆಂಬರ್ ಇಬ್ಬನಿ. ಒಂಬತ್ತರ ಹೊತ್ತಿಗೆ ಸಿಂಬಲ್ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತಿತ್ತು. ಸ್ನೇರ್ ಮೇಲೆ ಒದ್ದೆ ಇದ್ದರೆ ಬ್ರಶ್ ಸರಿಯಾಗಿ ಓಡಲ್ಲ. ಬ್ರೇಕ್‌ನಲ್ಲಿ ಅಣ್ಣ ಒಣ ಸೋಗೆ, ಬೆಂಕಿಪೊಟ್ಟಣ ಹಿಡಿದು ಹಾಜರು. ಹಲಗಿಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡ್ತಾರಲ್ಲ, ಹಾಗೆ. 'ಅಣ್ಣಾ, ಇದು ಚರ್ಮ ಅಲ್ಲ, ಪ್ಲಾಸ್ಟಿಕ್, ಕರಗಿಹೋಗ್ತದೆ!' ಅಂತ ನಾನು ಓಡಿದ್ದನ್ನೇ ನೀವೆಲ್ಲ ನೋಡಿ ನಕ್ಕಿದ್ದು. ಕೊನೆಗೆ ಹೆಗಲ ಮೇಲಿನ ಟವೆಲ್‌ನಿಂದ ಒಂದೊಂದೇ ತಾಟು ಒರೆಸಿಕೊಟ್ಟರು.

ಮುಂದಿನ ಸಲ ನೀವೂ ಹಲಗಿ ಹಿಡಿದು ನನ್ನ ಪಕ್ಕ ನಿಲ್ಲಬೇಕು ಅಂತ ಕೇಳಿದ್ದೇನೆ. ಊರಿಂದ ತರಿಸುತ್ತಾರಂತೆ. ಗಾಡಿ ಬಾಡಿಗೆ ಮಾತ್ರ ಬೇರೆ, ಅದನ್ನು ಇದರಲ್ಲಿ ಸೇರಿಸಬಾರದು ಅಂದಿದ್ದಾರೆ.