ಫ್ಯೂಷನ್ ವರದಿಯಲ್ಲಿ ತಾಳವೂ ಇರಲಿ

ಮಾನ್ಯ ಸಂಪಾದಕರೇ,

ಗಿಟಾರಿನ ಪಕ್ಕ ಮೃದಂಗ ಕೂರಿಸಿದರೆ ಫ್ಯೂಷನ್ ಆಯಿತು ಎಂಬ ಧಾಟಿಯ ಕಛೇರಿ ವರದಿಗಳನ್ನು ಓದಿ ಸಾಕಾಗಿದೆ. ತಾಳ ಯಾವುದು, ಶ್ರುತಿ ಯಾವುದು ಎಂಬ ಸುಳಿವೇ ಇರುವುದಿಲ್ಲ. ಹೀಗೆ ಬರೆಯುವವರು ಜರ್ಮನಿಯ ಮ್ಯೂನಿಕ್‌ನ ಎಂಬ್ರಿಯೊ ತಂಡವೂ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಲಾವಿದರೂ ಕೂಡಿ 1980ರಲ್ಲಿ ಹೊರತಂದ ‘ಲೈಫ್’ ಧ್ವನಿಮುದ್ರಿಕೆಯನ್ನು ಒಮ್ಮೆ ಕೇಳಬೇಕು.

ಕ್ರಿಸ್ಟಿಯನ್ ಬುರ್ಖಾರ್ಡ್ ಮತ್ತು ಎಡ್ಗರ್ ಹಾಫ್‌ಮನ್ 1969ರಲ್ಲಿ ಕಟ್ಟಿದ ತಂಡ ಎಂಬ್ರಿಯೊ. ಅದರ 1973ರ ‘ವಿ ಕೀಪ್ ಆನ್’ ಧ್ವನಿಮುದ್ರಿಕೆಯಲ್ಲೇ ಅಮೆರಿಕದ ಚಾರ್ಲಿ ಮರಿಯಾನೊ ಸ್ಯಾಕ್ಸೊಫೋನ್ ಜೊತೆಗೆ ನಾಗಸ್ವರವನ್ನೂ ಊದಿದ್ದರು. 1978–79ರಲ್ಲಿ ತಂಡ ರಸ್ತೆ ಹಿಡಿದು ಅಫ್ಘಾನಿಸ್ತಾನದ ಮೂಲಕ ಭಾರತಕ್ಕೇ ಬಂತು. ಇತ್ತ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂದರೆ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಲಯಶಾಲೆ, ಜೊತೆಗೆ ಆರ್.ಎ. ರಮಾಮಣಿಯವರ ಗಾಯನ. ಬೆಂಗಳೂರಿನವರು ಈ ಕೂಟದಲ್ಲಿ ಪಕ್ಕವಾದ್ಯವಾಗಿ ಉಳಿಯಲಿಲ್ಲ.

ಇಂಥ ಕೂಟ ಎಡವುವುದು ಮೊದಲು ಲೆಕ್ಕದಲ್ಲಿ. ಮಿಶ್ರಚಾಪು ತಾಳಕ್ಕೆ ಏಳಕ್ಷರ, ಅಂದರೆ ಏಳು ಎಣಿಕೆ: ತಕಿಟ (ಮೂರು), ತಕಧಿಮಿ (ನಾಲ್ಕು). ನಾಲ್ಕರ ಲೆಕ್ಕ ರೂಢಿಯಾದ ಡ್ರಮ್ಮರ್ ಅರಿವಿಲ್ಲದೆ ಎಂಟಕ್ಕೆ ಎಳೆದರೆ ಇಬ್ಬರ ಸಮ, ಅಂದರೆ ಆವರ್ತದ ಮೊದಲ ಪೆಟ್ಟು, ಮತ್ತೆ ಕೂಡುವುದು 56ನೇ ಅಕ್ಷರ ಮುಗಿದ ಮೇಲೆಯೇ. ಅದಾದರೂ ತಕ್ಷಣ ಗೊತ್ತಾಗುತ್ತದೆ. ಗೊತ್ತಾಗದ ತಪ್ಪೊಂದಿದೆ: ಮೂರು-ನಾಲ್ಕನ್ನು ನಾಲ್ಕು-ಮೂರು ಮಾಡುವುದು. ಸಮ ಸರಿಯಾಗಿಯೇ ಬೀಳುತ್ತದೆ, ಆದರೆ ನಡುವಿನ ಪೆಟ್ಟು ನಾಲ್ಕರ ಬದಲು ಐದಕ್ಕೆ ಹೋಗಿ ಇಡೀ ನಡೆ ಕುಂಟುತ್ತದೆ. ಡ್ರಮ್ಮರ್ ಕೋಲು ಹಿಡಿಯುವ ಮೊದಲು ತಕಿಟ, ತಕಧಿಮಿಯಂಥ ಸೊಲ್ಲುಗಳನ್ನು ಬಾಯಲ್ಲಿ ಹೇಳಿಸಿ, ಸ್ನೇರ್ ಡ್ರಮ್ಮಿನ ಪೆಟ್ಟನ್ನು ಒಂದು ಮತ್ತು ನಾಲ್ಕಕ್ಕೆ ಕಟ್ಟಿಹಾಕಿದರೆ ಇದು ಸರಿಹೋಗುತ್ತದೆ.

ಶ್ರುತಿಯ ತೊಡಕು ಬೇರೆ. ಮೃದಂಗದ ಬಲಮುಖ ಷಡ್ಜಕ್ಕೆ, ಅಂದರೆ ಆಧಾರಸ್ವರ ‘ಸ’ಕ್ಕೆ, ಕೂಡಿರುತ್ತದೆ. ಗಿಟಾರ್ ಹಾಡಿನ ನಡುವೆ ಷಡ್ಜ ಬದಲಿಸಿತೋ, ಪ್ರತಿ ನಾದದ ಪೆಟ್ಟೂ ಅಪಸ್ವರ. ಅಂಚನ್ನು ಕಲ್ಲಿನಿಂದ ತಟ್ಟಿ ಮತ್ತೆ ಕೂಡಿಸಲು ಹಾಡು ಕಾಯುವುದಿಲ್ಲ. ಷಡ್ಜ ಬದಲಿಸದಿರಬೇಕು, ಇಲ್ಲವೇ ಎರಡನೇ ಮೃದಂಗ ಸಿದ್ಧವಿರಬೇಕು. ಬುರ್ಖಾರ್ಡ್ ನುಡಿಸುತ್ತಿದ್ದ ವೈಬ್ರಫೋನ್ ಇನ್ನೂ ಹಟಮಾರಿ: ಲೋಹದ ಪಟ್ಟಿಗಳ ಸ್ವರವನ್ನು ವೇದಿಕೆಯಲ್ಲಿ ಬದಲಿಸಲಾಗದು, ಸ್ವರವನ್ನು ಜಾರಿಸಿ ತೂಗುವ ಗಮಕವಂತೂ ಬರದು. ತಂಬೂರಿಯೇ ಅದಕ್ಕೆ ಹೊಂದಿಕೊಳ್ಳಬೇಕು. ಬಾಸ್ ಡ್ರಮ್ಮಿನ ಪೆಡಲ್ ಒತ್ತುತ್ತಲೇ ಇದ್ದರೆ ಮೃದಂಗದ ಎಡಮುಖದ ಗುಂಕಿ, ಅಂದರೆ ತುಂಬುದನಿ, ಕೇಳಿಸುವುದೇ ಇಲ್ಲ. ಮೈಕಿನ ದನಿ ಏರಿಸುವುದಕ್ಕಿಂತ ಪೆಡಲ್‌ನಿಂದ ಕಾಲು ತೆಗೆಯುವುದು ಲೇಸು.

ಬುರ್ಖಾರ್ಡ್ 2018ರಲ್ಲಿ ತೀರಿಕೊಂಡರು. ತಂಡ ಈಗ ಮಗಳು ಮಾರ್ಯಾ ಕೈಯಲ್ಲಿದೆ. ಅಂತರ್ಜಾಲದಲ್ಲಿ ಹುಡುಕುವವರು ತಂಡದ ಹೆಸರಿನ ಜೊತೆ ಧ್ವನಿಮುದ್ರಿಕೆಯ ಹೆಸರನ್ನೂ ಕೊಡಿ. ಬರೀ ಎಂಬ್ರಿಯೊ ಎಂದರೆ ಇಟಲಿಯ ಮೆಟಲ್ ತಂಡವೊಂದು ಬಂದು ಕಿವಿ ಹರಿದೀತು.

ನಿಮ್ಮ ವರದಿಗಾರರಿಗೆ ನಮ್ಮ ಕೋರಿಕೆ ಇಷ್ಟೇ: ಗಿಟಾರ್ ನುಡಿಸಿದವರ ಹೆಸರಿನ ಜೊತೆಗೆ ಮೃದಂಗ, ಘಟ, ಖಂಜಿರದವರ ಹೆಸರನ್ನೂ, ತಾಳವನ್ನೂ ಬರೆಯಲಿ. ಗೊತ್ತಾಗದಿದ್ದರೆ ಕಛೇರಿ ಮುಗಿದ ಮೇಲೆ ಕಲಾವಿದರನ್ನೇ ಕೇಳಲಿ, ಖುಷಿಯಿಂದ ಕೈಯಲ್ಲಿ ತಾಳ ಹಾಕಿ ತೋರಿಸುತ್ತಾರೆ.

— ಕೆಲವು ಲಯಾಸಕ್ತ ಓದುಗರು, ಬೆಂಗಳೂರು